ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ?

ಶಾಲೆಯಲ್ಲಿ ಇಡುವಂಥ ಒಂದು ಗ್ಲೋಬು, ಒಂದಿಷ್ಟು ದಾರ ಇದ್ದರೆ ಈ ಪ್ರವಾಸಕ್ಕೆ ಸಾಕು. ದಾರದ ಒಂದು ತುದಿಯನ್ನು ಬೆಂಗಳೂರಿಗೆ ತುಸು ಉತ್ತರದಲ್ಲಿ, ದೇವನಹಳ್ಳಿ ಇರಬೇಕಾದ ಕಡೆ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಂಡೆಗೆ ಎಳೆದು ಬಿಗಿ ಮಾಡಿದರೆ ದಾರ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಗೋಡೆಗೆ ತೂಗುಹಾಕಿದ ಚಪ್ಪಟೆ ನಕ್ಷೆ ನೋಡಿಯೇ ಬೆಳೆದ ನಮಗೆ ಅದು ಪೂರ್ವಕ್ಕೆ ಹೊರಟು, ಜಪಾನ್ ದಾಟಿ, ಪೆಸಿಫಿಕ್ ಸಾಗರದ ಮೇಲೆ ಹಾಯಬೇಕು ಅನ್ನಿಸುತ್ತದೆ. ದಾರ ಮಾತ್ರ ಹೆಚ್ಚುಕಡಿಮೆ ನೆಟ್ಟಗೆ ಉತ್ತರಕ್ಕೆ ಮುಖ ಮಾಡಿ, ತುಸುವೇ ಪೂರ್ವಕ್ಕೆ ವಾಲಿ ಹೊರಡುತ್ತದೆ. ಎರಡೂ ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ಅಂತರವಿದೆ. ಭೂಮಿಯ ಈ ಮಗ್ಗುಲಲ್ಲಿ ಒಂದು, ಆ ಮಗ್ಗುಲಲ್ಲಿ ಇನ್ನೊಂದು. ಹಾಗಿರುವಾಗ ಸೊಂಟ ಬಳಸಿ ಹೋಗುವುದಕ್ಕಿಂತ ನೆತ್ತಿಯ ಪಕ್ಕದಲ್ಲಿ ಹಾಯುವುದೇ ಹತ್ತಿರ. ದಾರದ ಉದ್ದವನ್ನು ಭೂಮಿಯ ಅಳತೆಗೆ ಪರಿವರ್ತಿಸಿದರೆ ಬರುವುದು ಸುಮಾರು 14,000 ಕಿಲೋಮೀಟರ್. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರ ಹೇಳುವ ಕೋಷ್ಟಕಗಳೆಲ್ಲ ಕೊಡುವುದು ಈ ಸಂಖ್ಯೆಯನ್ನೇ. ಗಂಟೆಗೆ 900 ಕಿಲೋಮೀಟರ್ ವೇಗದಿಂದ ಅದನ್ನು ಭಾಗಿಸಿದರೆ ಹದಿನೈದೂವರೆ ಗಂಟೆ. ಗಣಿತದಲ್ಲಿ ಒಂದು ಕೂದಲೆಳೆಯ ತಪ್ಪೂ ಇಲ್ಲ. ಆದರೆ ಈ ಸಂಖ್ಯೆ ನಂಬಿ ಹೊರಟವರಿಗೆ ಗೊತ್ತಾಗದ ಒಂದು ಸಂಗತಿಯಿದೆ: ಈ ದಾರದ ಮೇಲೆಯೇ ಮೊದಲಿನಿಂದ ಕೊನೆಯವರೆಗೆ ಹಾರಲು ಒಂದು ಪ್ರಯಾಣಿಕ ವಿಮಾನಕ್ಕೆ ಸಾಧ್ಯವಿಲ್ಲ.

ಯಾಕೆಂದು ತಿಳಿಯಬೇಕಾದರೆ ದಾರದ ಮೇಲೆ ಒಮ್ಮೆ ಕಣ್ಣಿನಲ್ಲೇ ಪ್ರಯಾಣ ಮಾಡಿ ಬರಬೇಕು. ದೇವನಹಳ್ಳಿಯಿಂದ ಎದ್ದ ದಾರ ಆಂಧ್ರದ ಅಂಚು ತಾಗಿ, ತೆಲಂಗಾಣದಲ್ಲಿ ಹೈದರಾಬಾದಿನ ಪೂರ್ವಕ್ಕೆ ನಲ್ಗೊಂಡ ಸೀಮೆಯನ್ನು ದಾಟುತ್ತದೆ. ಮಹಾರಾಷ್ಟ್ರ, ಛತ್ತೀಸ್‌ಗಢಗಳ ಗಡಿಯ ಕಾಡುಗಳ ಮೇಲೆ ಸಾಗಿ ಕಾಶಿಗೆ ತುಸು ಪಶ್ಚಿಮದಲ್ಲಿ ಗಂಗೆಯನ್ನು ಹಾಯುತ್ತದೆ. ಅಲ್ಲಿಂದ ನೇಪಾಳದ ಪೋಖರಾದ ಆಸುಪಾಸು, ಅದರ ಬೆನ್ನಿಗೇ 8,091 ಮೀಟರ್ ಎತ್ತರದ ಅನ್ನಪೂರ್ಣಾ. ಆಮೇಲೆ ಟಿಬೆಟ್ಟಿನ ಪ್ರಸ್ಥಭೂಮಿ. ಅದನ್ನು ಇಳಿದರೆ ಷಿನ್‌ಜಿಯಾಂಗಿನ ಲೋಪ್ ನೂರ್. ಅದು ಬತ್ತಿಹೋದ ಸರೋವರ, 1964ರಲ್ಲಿ ಚೀನಾ ತನ್ನ ಮೊದಲ ಅಣುಬಾಂಬು ಸಿಡಿಸಿದ ಮರಳುಗಾಡು. ಮಂಗೋಲಿಯಾದ ಪಶ್ಚಿಮ ಭಾಗ ದಾಟಿ ಬೈಕಲ್ ಸರೋವರವನ್ನು ಬಲಕ್ಕೆ ಬಿಟ್ಟು, ಅಂಗಾರಾ ನದಿಯ ಅಣೆಕಟ್ಟಿಗೆ ಹೆಸರಾದ ಬ್ರಾತ್ಸ್ಕ್ ಪಟ್ಟಣದ ಸುತ್ತಮುತ್ತಲಿಂದ ಯಾಕುಟಿಯಾದೊಳಕ್ಕೆ ದಾರ ನುಗ್ಗುತ್ತದೆ. 1892ರಲ್ಲಿ ಸೊನ್ನೆಗಿಂತ 67.8 ಡಿಗ್ರಿ ಕೆಳಗಿನ ಚಳಿ ದಾಖಲಾದ ವೆರ್ಖೊಯಾನ್ಸ್ಕ್ ಅಲ್ಲಿಂದ ಹೆಚ್ಚು ದೂರವಿಲ್ಲ. ಕೋಲಿಮಾ ನದಿ ಸಮುದ್ರ ಸೇರುವ ಕಡೆ, ಕರಾವಳಿಯಿಂದಾಚೆ, ದಾರ ತನ್ನ ಅತ್ಯಂತ ಉತ್ತರದ ಬಿಂದುವಾದ 71ನೇ ಅಕ್ಷಾಂಶದ ಹತ್ತಿರ ಬಂದು ಬಾಗುತ್ತದೆ. ಮುಂದೆ ರಾಂಗೆಲ್ ದ್ವೀಪದ ಪಕ್ಕ. ಈಜಿಪ್ಟಿನಲ್ಲಿ ಪಿರಮಿಡ್ಡುಗಳು ಎದ್ದು ನಿಂತಿದ್ದ ಕಾಲಕ್ಕೂ ಮ್ಯಾಮತ್ ಆನೆಗಳು ಜೀವಂತ ಉಳಿದಿದ್ದ ನೆಲ ಅದು. ಅಲಾಸ್ಕಾದಲ್ಲಿ ಯೂಕಾನ್ ನದಿಯನ್ನು ದಾಟಿ, ಅಲಾಸ್ಕಾ ಕೊಲ್ಲಿಗೆ ಇಳಿದು, ಅಮೆರಿಕದ ಪಶ್ಚಿಮ ಕರಾವಳಿಗೆ ಸಮಾನಾಂತರವಾಗಿ ಜಾರುತ್ತ ದಾರ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟುತ್ತದೆ. ಇಷ್ಟು ದೂರದ ದಾರಿಯಲ್ಲಿ ಅದು ಭಾರತ, ನೇಪಾಳ, ಚೀನಾ, ಮಂಗೋಲಿಯಾ, ರಷ್ಯಾ, ಅಮೆರಿಕ ಎಂಬ ಆರು ದೇಶಗಳನ್ನಷ್ಟೇ ಮುಟ್ಟಿದೆ. ಇನ್ನು ಪೆಸಿಫಿಕ್ ಎಂದು ಕರೆಯಬಹುದಾದ ನೀರು ಸಿಕ್ಕಿದ್ದು ಕೊನೆಯ ಕಾಲುಭಾಗದಲ್ಲಿ.

ಮೊದಲ ಅಡ್ಡಿ ಹಿಮಾಲಯದಲ್ಲೇ ಎದುರಾಗುತ್ತದೆ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ಎಂಟು ಕಿಲೋಮೀಟರಿನ ಶಿಖರ ಏನು ಮಾಡೀತು ಎಂದು ಕೇಳಬಹುದು. ಶಿಖರದ ತೊಂದರೆ ದೊಡ್ಡದಲ್ಲ, ಅದರ ಹಿಂದಿರುವ ಪ್ರಸ್ಥಭೂಮಿಯದ್ದೇ ತೊಂದರೆ. ವಿಮಾನದ ಒಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಕುಸಿದರೆ ಪೈಲಟ್ ಮಾಡಬೇಕಾದ ಮೊದಲ ಕೆಲಸ, ಉಸಿರಾಡಬಹುದಾದ ಎತ್ತರಕ್ಕೆ ಅಂದರೆ ಸುಮಾರು ಮೂರು ಸಾವಿರ ಮೀಟರಿಗೆ ಬೇಗ ಇಳಿಯುವುದು. ಪ್ರಯಾಣಿಕರ ತಲೆಯ ಮೇಲಿಂದ ಜಾರುವ ಮುಖವಾಡಗಳಲ್ಲಿ ಆಮ್ಲಜನಕ ಬರುವುದು ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು. ಟಿಬೆಟ್ಟಿನಲ್ಲಿ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಇಳಿಯಬೇಕಾದ ಜಾಗ ನೆಲದ ಕೆಳಗಿದೆ ಅನ್ನಿ! ಹೆಚ್ಚು ಆಮ್ಲಜನಕ ಹೊತ್ತ, ಅದಕ್ಕೆಂದೇ ಸಜ್ಜುಗೊಳಿಸಿದ ವಿಮಾನಗಳು ಲಾಸಾಕ್ಕೆ ಹೋಗಿಬರುತ್ತವೆ. ಖಂಡಗಳನ್ನು ದಾಟುವ ಉಳಿದ ವಿಮಾನಗಳು ಆ ಪ್ರದೇಶವನ್ನು ಸಾಮಾನ್ಯವಾಗಿ ಬಳಸಿಕೊಂಡು ಹೋಗುತ್ತವೆ. ಹೀಗೆ ದಾರ ಸಡಿಲವಾಯಿತು. ಒಮ್ಮೆ ಸಡಿಲವಾದ ಮೇಲೆ ಅದು ಎಲ್ಲೆಲ್ಲಿ ಎಷ್ಟೆಷ್ಟು ಬಾಗುತ್ತದೆ ಎಂಬುದನ್ನು ಹೇಳುವವರು ಬೇರೆಯೇ ಇದ್ದಾರೆ.

ಎರಡು ನಿಲ್ದಾಣಗಳ ನಡುವಿನ ದೂರವನ್ನು ಭೂಗೋಳದ ಸಂಗತಿ ಎಂದು ತಿಳಿಯುವುದು ನಮ್ಮ ರೂಢಿ. ಅದನ್ನು ರಾಜಕೀಯದ ಸಂಗತಿ ಎಂದು ತಿಳಿಯುವುದೇ ಹೆಚ್ಚು ಸರಿ ಎಂಬುದು ನನ್ನ ವಾದ. ಭೂಮಿ ಎಷ್ಟು ದೊಡ್ಡದು ಎಂಬುದಕ್ಕಿಂತ, ಯಾರು ಯಾರಿಗೆ ತಮ್ಮ ಆಕಾಶದಲ್ಲಿ ಹಾದುಹೋಗಲು ಒಪ್ಪಿಗೆ ಕೊಟ್ಟಿದ್ದಾರೆ ಎಂಬುದೇ ಪ್ರಯಾಣದ ಗಂಟೆಗಳನ್ನು ಹೆಚ್ಚು ತೀರ್ಮಾನಿಸುತ್ತದೆ. ಇದಕ್ಕೆ ಮೂಲ ದಾಖಲೆ 1944ರ ಡಿಸೆಂಬರಿನಲ್ಲಿ ಷಿಕಾಗೋದಲ್ಲಿ ಸಹಿಯಾದ ಅಂತಾರಾಷ್ಟ್ರೀಯ ಒಪ್ಪಂದ. ಅದರ ಮೊದಲ ವಿಧಿಯೇ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಸಂಪೂರ್ಣ ಒಡೆತನವಿದೆ ಎಂದು ಮಾನ್ಯ ಮಾಡುತ್ತದೆ. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಬಾಂಬು ಹೊತ್ತ ವಿಮಾನಗಳನ್ನು ಕಂಡಿದ್ದ ಜಗತ್ತಿಗೆ ಆಕಾಶ ಎಲ್ಲರದ್ದು ಎನ್ನುವ ಧೈರ್ಯ ಬರಲಿಲ್ಲ. ಇಳಿಯದೆ ಸುಮ್ಮನೆ ಹಾದುಹೋಗುವ ಹಕ್ಕನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಇನ್ನೊಂದು ಒಪ್ಪಂದ ಅದರ ಜೊತೆಗೇ ಹುಟ್ಟಿತು. ಭಾರತ ಅದರಲ್ಲಿ ಇದೆ. ರಷ್ಯಾ ಮತ್ತು ಚೀನಾ ಇಲ್ಲ. ನಮ್ಮ ದಾರದ ಅರ್ಧಕ್ಕೆ ಹತ್ತಿರದ ಭಾಗ ಬಿದ್ದಿರುವುದು ಈ ಎರಡು ದೇಶಗಳ ಮೇಲೆಯೇ.

ರಷ್ಯಾದ ಆಕಾಶ ಮುಚ್ಚಿದ್ದಾಗ ಜಗತ್ತು ಹೇಗಿತ್ತು ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟ ತನ್ನ ಸೈಬೀರಿಯಾದ ಆಕಾಶವನ್ನು ಪಶ್ಚಿಮದ ವಿಮಾನಗಳಿಗೆ ಬಹುಮಟ್ಟಿಗೆ ಬಿಟ್ಟುಕೊಡುತ್ತಿರಲಿಲ್ಲ. ಯೂರೋಪಿನಿಂದ ಜಪಾನಿಗೆ ಹೋಗುವವರು ಉತ್ತರ ಧ್ರುವದ ಕಡೆಯಿಂದ ಬಳಸಿ, ಅಲಾಸ್ಕಾದ ಆಂಕರೇಜಿನಲ್ಲಿ ಇಳಿದು, ಇಂಧನ ತುಂಬಿಸಿಕೊಂಡು ಮುಂದೆ ಸಾಗುತ್ತಿದ್ದರು. ಸ್ಕ್ಯಾಂಡಿನೇವಿಯಾದ ಎಸ್ಎಎಸ್ ಸಂಸ್ಥೆ ಕೋಪನ್‌ಹೇಗನ್‌ನಿಂದ ಟೋಕಿಯೋಗೆ ಆ ದಾರಿ ತೆರೆದದ್ದು 1957ರಲ್ಲಿ. ಫಿನ್‌ಲ್ಯಾಂಡಿನ ಫಿನ್ಏರ್ 1983ರಲ್ಲಿ ಹೆಲ್ಸಿಂಕಿಯಿಂದ ಟೋಕಿಯೋಗೆ ನಡುವೆ ಎಲ್ಲೂ ನಿಲ್ಲದೆ ಹಾರಿತಾದರೂ ರಷ್ಯಾದ ಮೇಲೆ ಹಾಯುವಂತಿರಲಿಲ್ಲ. ಧ್ರುವ ಬಳಸಿ ಹೋಗಲು ಸುಮಾರು ಹದಿಮೂರು ಗಂಟೆ ಹಿಡಿಯುತ್ತಿತ್ತು. ಹೆಲ್ಸಿಂಕಿ ಮತ್ತು ಟೋಕಿಯೋ ನಡುವೆ ದಾರದ ಅಳತೆ 7,800 ಕಿಲೋಮೀಟರ್ ಅಷ್ಟೆ. ಸೋವಿಯತ್ ಒಕ್ಕೂಟ ಒಡೆದು ಸೈಬೀರಿಯಾ ತೆರೆದ ಮೇಲೆ ಅದೇ ಪ್ರಯಾಣ ಒಂಬತ್ತು, ಒಂಬತ್ತೂವರೆ ಗಂಟೆಗೆ ಇಳಿಯಿತು. ಏಷ್ಯಾಕ್ಕೆ ಎಲ್ಲರಿಗಿಂತ ಹತ್ತಿರದ ದಾರಿ ನಮ್ಮದು ಎಂದೇ ಫಿನ್ಏರ್ ತನ್ನ ವ್ಯಾಪಾರವನ್ನು ಕಟ್ಟಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾ ಮತ್ತು ಯೂರೋಪು ಪರಸ್ಪರ ಆಕಾಶ ಮುಚ್ಚಿಕೊಂಡಾಗ ಮತ್ತೆ ಧ್ರುವದ ದಾರಿ, ಮತ್ತೆ ಹದಿಮೂರು ಗಂಟೆ. ನಲವತ್ತು ವರ್ಷಗಳಲ್ಲಿ ಎಂಜಿನ್ನು ಎಷ್ಟೋ ಸುಧಾರಿಸಿತ್ತು, ರೆಕ್ಕೆ ಹಗುರವಾಗಿತ್ತು. ಗಂಟೆ ಮಾತ್ರ 1983ರಲ್ಲಿ ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತು.

ಈಗ ದೇವನಹಳ್ಳಿಗೆ ಮರಳೋಣ. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರಕ್ಕೆ ನೇರ ವಿಮಾನ ಬೇಕೆಂಬುದು ಸಾಫ್ಟ್‌ವೇರ್ ಉದ್ಯಮದ ಹಳೆಯ ಬೇಡಿಕೆ. ಸಿಲಿಕಾನ್ ಕಣಿವೆಯಲ್ಲಿ ಒಂದು ಕಾಲು, ಬೆಂಗಳೂರಿನಲ್ಲಿ ಇನ್ನೊಂದು ಕಾಲು ಇಟ್ಟು ಬದುಕುವ ಕನ್ನಡ ಸಂಸಾರಗಳು ಸಾವಿರಾರು. ಮಗಳ ಬಾಣಂತನಕ್ಕೆಂದು ಹೋಗಿಬರುವ ಅಜ್ಜಿ ತಾತಂದಿರನ್ನು ಸೇರಿಸಿದರೆ ಇನ್ನೂ ಹೆಚ್ಚು. 2020ರಲ್ಲಿ ಎರಡು ಅಮೆರಿಕನ್ ಸಂಸ್ಥೆಗಳು ಈ ಬೇಡಿಕೆಗೆ ಕಿವಿಗೊಟ್ಟವು. ಸಿಯಾಟಲ್‌ನಿಂದ ಬೆಂಗಳೂರಿಗೆ ಅಮೆರಿಕನ್ ಏರ್‌ಲೈನ್ಸ್, ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಯುನೈಟೆಡ್. ಮೊದಲು ಕೊರೊನಾ ಬಂದು ಎರಡನ್ನೂ ಮುಂದಕ್ಕೆ ತಳ್ಳಿತು. ಕೊರೊನಾ ಇಳಿಯುವ ಹೊತ್ತಿಗೆ ಸೈಬೀರಿಯಾದ ಆಕಾಶ ಅಮೆರಿಕದ ವಿಮಾನಗಳಿಗೆ ಇಲ್ಲವಾಯಿತು, ಎರಡೂ ಯೋಜನೆಗಳು ಕಾಗದದಲ್ಲೇ ಉಳಿದವು. ಯುನೈಟೆಡ್ ಅಷ್ಟಕ್ಕೇ ನಿಲ್ಲದೆ, ಅದಾಗಲೇ ನಡೆಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋ–ದೆಹಲಿ ಹಾರಾಟವನ್ನೂ 2022ರ ಮಾರ್ಚಿನಲ್ಲಿ ನಿಲ್ಲಿಸಿತು. ಇತ್ತ ಏರ್ ಇಂಡಿಯಾ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ಹಾರಾಟ ಆರಂಭಿಸಿತ್ತು. ಭಾರತ ಯಾರ ಮೇಲೂ ಆಕಾಶ ನಿಷೇಧ ಹೇರಿರಲಿಲ್ಲ, ಹಾಗಾಗಿ ರಷ್ಯಾದ ಬಾಗಿಲು ಅದಕ್ಕೆ ತೆರೆದೇ ಇತ್ತು. ಇಬ್ಬರದ್ದೂ ಬೋಯಿಂಗ್ ವಿಮಾನ, ಅವೇ ಎರಡು ಊರು, ನಡುವೆ ಅದೇ 14,000 ಕಿಲೋಮೀಟರ್. ಬಾಲದ ಮೇಲಿನ ಬಾವುಟ ಬೇರೆಯಾದ ಮಾತ್ರಕ್ಕೆ ಒಬ್ಬರಿಗೆ ಬೆಂಗಳೂರು ಹತ್ತಿರ, ಇನ್ನೊಬ್ಬರಿಗೆ ಎಟುಕದಷ್ಟು ದೂರ. ಕೋಷ್ಟಕದ ಸಂಖ್ಯೆಗೆ ಇದನ್ನು ಹೇಳುವ ಶಕ್ತಿ ಎಲ್ಲಿದೆ?

ತೆರೆದ ಬಾಗಿಲಿಗೂ ಬೆಲೆ ಇರುತ್ತದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ನಿನ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. ಸ್ಟಾಲಿನ್ ಕಾಲದಲ್ಲಿ ಕೋಲಿಮಾದ ಕಾರ್ಮಿಕ ಶಿಬಿರಗಳಿಗೆ ಕೈದಿಗಳನ್ನು ಹಡಗಿನಿಂದ ಇಳಿಸುತ್ತಿದ್ದ ಬಂದರು ಅದು. 216 ಪ್ರಯಾಣಿಕರು, 16 ಸಿಬ್ಬಂದಿ. ಊರಿನಲ್ಲಿ ಅಷ್ಟು ಜನರಿಗೆ ಹೋಟೆಲುಗಳು ಸಾಲದೆ ಶಾಲೆ, ಹಾಸ್ಟೆಲುಗಳಲ್ಲಿ ಮಲಗಬೇಕಾಯಿತು. ಪ್ರಯಾಣಿಕರಲ್ಲಿ ಅಮೆರಿಕದ ನಾಗರಿಕರೂ ಇದ್ದುದರಿಂದ ವಾಷಿಂಗ್ಟನ್ ಕೂಡ ಕಣ್ಣಿಟ್ಟು ಕೂತಿತ್ತು. ಮರುದಿನ ಮುಂಬಯಿಯಿಂದ ಬದಲಿ ವಿಮಾನ ಕಳಿಸಿ ಎಲ್ಲರನ್ನೂ ಮುಂದಕ್ಕೆ ಒಯ್ದರು. ಇಂಥ ನಿಲ್ದಾಣಗಳು ದಾರಿಯಲ್ಲಿ ಇರಲೇಬೇಕೆಂಬುದು ನಿಯಮ. ಎರಡು ಎಂಜಿನ್ನಿನ ವಿಮಾನ ಒಂದು ಎಂಜಿನ್ ಕಳೆದುಕೊಂಡರೂ ನಿಗದಿತ ಇಷ್ಟು ನಿಮಿಷಗಳಲ್ಲಿ ತಲುಪಬಹುದಾದ ನಿಲ್ದಾಣವನ್ನು ದಾರಿಯುದ್ದಕ್ಕೂ ಇಟ್ಟುಕೊಂಡೇ ಹಾರಬೇಕು. ಹಾಗಾಗಿ ಯಾರೂ ಹೋಗಬಯಸದ ಊರುಗಳ ರನ್‌ವೇಗಳು ಎಲ್ಲರೂ ಹೋಗಬಯಸುವ ಊರುಗಳ ನಡುವಿನ ದಾರಿಯನ್ನು ತೀರ್ಮಾನಿಸುತ್ತವೆ.

ಗಾಳಿಯ ಮಾತನ್ನು ಇಲ್ಲಿ ಬಿಟ್ಟರೆ ನನ್ನ ವಾದ ಏಕಪಕ್ಷೀಯವಾಗುತ್ತದೆ. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಬಿರುಗಾಳಿಯೊಂದಿದೆ, ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಓಇಶಿ 1920ರ ದಶಕದಲ್ಲೇ ಬಲೂನುಗಳನ್ನು ಹಾರಿಬಿಟ್ಟು ಇದನ್ನು ಅಳೆದಿದ್ದರು. ಜಗತ್ತಿಗೆಲ್ಲ ತಿಳಿಯಲಿ ಎಂದು ಅವರು ವರದಿ ಬರೆದದ್ದು ಎಸ್ಪೆರಾಂಟೋ ಭಾಷೆಯಲ್ಲಿ. ಪರಿಣಾಮವಾಗಿ ಜಗತ್ತಿನಲ್ಲಿ ಹೆಚ್ಚಿನವರು ಅದನ್ನು ಓದಲಿಲ್ಲ. ಈ ಗಾಳಿಯ ಬಲ ನಮ್ಮ ಪ್ರಯಾಣಕ್ಕೆ ಏನು ಮಾಡುತ್ತದೆ ಎಂಬುದಕ್ಕೆ 2016ರ ಅಕ್ಟೋಬರ್ ಒಳ್ಳೆಯ ಉದಾಹರಣೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಲ್ಲಿಯವರೆಗೆ ಯೂರೋಪು, ಅಟ್ಲಾಂಟಿಕ್ ಮೇಲೆ ಹೋಗುತ್ತಿದ್ದ ಏರ್ ಇಂಡಿಯಾ ಪೂರ್ವಕ್ಕೆ ತಿರುಗಿ ಪೆಸಿಫಿಕ್ ದಾರಿ ಹಿಡಿಯಿತು. ಹಳೆಯ ದಾರಿ 13,900 ಕಿಲೋಮೀಟರ್, ಹೊಸದು 15,300. ಹೆಚ್ಚು ಕಮ್ಮಿ ಬೆಂಗಳೂರಿನಿಂದ ನಾಗಪುರಕ್ಕೆ ಹೋಗಿ ಮತ್ತೆ ಅರ್ಧ ದಾರಿ ಹಿಂದೆ ಬಂದಷ್ಟು ಹೆಚ್ಚು ದೂರ. ಸಮಯ? ಹದಿನಾರೂವರೆ ಗಂಟೆಯಿಂದ ಹದಿನಾಲ್ಕೂವರೆಗೆ ಇಳಿಯಿತು. ದೆಹಲಿಯಿಂದ ಅಲ್ಲಿಗೆ ದಾರ ಎಳೆದರೆ ಬರುವ 12,400 ಕಿಲೋಮೀಟರ್ ಎರಡೂ ದಾರಿಗಳಿಗೆ ಸಂಬಂಧವೇ ಇಲ್ಲದ ಸಂಖ್ಯೆ. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಹೀಗಾಗುತ್ತದೆ ಎಂದು ಕೆಲವರು ವಿವರಿಸುವುದುಂಟು. ಭೂಮಿಯ ಜೊತೆಗೆ ಅದರ ವಾತಾವರಣವೂ ತಿರುಗುವುದರಿಂದ ಆ ವಿವರಣೆ ನಿಲ್ಲುವುದಿಲ್ಲ. ಎರಡು ಗಂಟೆ ಉಳಿಸಿಕೊಟ್ಟದ್ದು ಬೆನ್ನಿಗೆ ಬಿದ್ದ ಗಾಳಿ. ಗಾಳಿಗೆ ರಾಜಕೀಯವಿಲ್ಲ, ನಿಜ. ಆದರೆ ಅದರ ಬೆನ್ನೇರಬೇಕಾದರೆ ಅದು ಬೀಸುವ ಕಡೆಗೆ ಹೋಗುವ ಸ್ವಾತಂತ್ರ್ಯ ಬೇಕು. ಒಂದು ದಿನ ಗಾಳಿ ದಕ್ಷಿಣಕ್ಕೆ ಸರಿದರೆ ದಕ್ಷಿಣಕ್ಕೆ, ಇನ್ನೊಂದು ದಿನ ಧ್ರುವದ ಕಡೆ ಶಾಂತವಾಗಿದ್ದರೆ ಅತ್ತ ಹೋಗಲು ಆಕಾಶ ತೆರೆದಿರಬೇಕು. ಎಷ್ಟು ದೇಶಗಳು ಮುಚ್ಚಿದರೆ ಅಷ್ಟು ಗಾಳಿಗಳು ಕೈತಪ್ಪಿದಂತೆ.

2021ರ ಜನವರಿ 9ರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಮೊದಲ ಬೆಂಗಳೂರು ವಿಮಾನ ಇದನ್ನೇ ತೋರಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ಆ ವಿಮಾನ ದಾರ ತೋರಿಸಿದ 71ನೇ ಅಕ್ಷಾಂಶಕ್ಕೆ ನಿಲ್ಲದೆ ಉತ್ತರ ಧ್ರುವದ ಮೇಲಿಂದಲೇ ಬಂದಿತು. ಇದಿರುಗಾಳಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡುವುದಕ್ಕಿಂತ ತುಸು ಹೆಚ್ಚು ದೂರ ಹಾರಿದರೂ ಧ್ರುವ ದಾರಿಯೇ ಲಾಭ. ಆ ದಾರಿಗೆ ಅದರದ್ದೇ ಕಟ್ಟುಪಾಡುಗಳಿವೆ: ರೆಕ್ಕೆಯೊಳಗಿನ ಇಂಧನ ಸೊನ್ನೆಗಿಂತ 40 ಡಿಗ್ರಿಗೂ ಕೆಳಗೆ ಹೋದರೆ ಹೆಪ್ಪುಗಟ್ಟತೊಡಗುತ್ತದೆ, ದಿಕ್ಸೂಚಿ ನಂಬುವಂತಿಲ್ಲ, ಸೂರ್ಯನಿಂದ ಬರುವ ವಿಕಿರಣದ ಮೇಲೂ ಕಣ್ಣಿಡಬೇಕು. ಬೆಂಗಳೂರಿಗೆ ಬಂದಿಳಿದದ್ದು 11ನೇ ತಾರೀಕು ಬೆಳಗಿನ ಜಾವ ಮೂರರ ನಂತರ. ಹದಿನೇಳು ಗಂಟೆ ಚಿಲ್ಲರೆಯ ಪ್ರಯಾಣ, ಪಂಚಾಂಗದಲ್ಲಿ ಮಾತ್ರ ನಡುವಿನ 10ನೇ ತಾರೀಕೇ ಮಾಯ. ಬೆಂಗಳೂರಿನಿಂದ ಮಧ್ಯಾಹ್ನ ಹೊರಟರೆ ಇದಕ್ಕೆ ತದ್ವಿರುದ್ಧ. ಅದೇ ದಿನದ ಸಂಜೆಗೆ ಅಲ್ಲಿ ಇಳಿಯಬಹುದು, ಗಡಿಯಾರ ನೋಡಿದರೆ ಮೂರು ಗಂಟೆ ಕಳೆದಂತೆ ಕಾಣುತ್ತದೆ. ಉಳಿದ ಹದಿಮೂರೂವರೆ ಗಂಟೆ ಎರಡು ಊರುಗಳ ಗಡಿಯಾರಗಳ ನಡುವಿನ ಚಳಿಗಾಲದ ಅಂತರ. ಬೇಸಿಗೆ ಬಂದು ಅಮೆರಿಕ ತನ್ನ ಗಡಿಯಾರವನ್ನು ತಿರುಗಿಸಿದಾಗ ಅದೂ ಒಂದು ಗಂಟೆ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ವಿಚಾರವಂತರು ಮೂರು ಆಕ್ಷೇಪ ಎತ್ತಬಹುದು. ಮೊದಲನೆಯದು: ಹದಿನೇಳು ಗಂಟೆಯಲ್ಲಿ ಒಂದೆರಡು ಗಂಟೆ ಹೆಚ್ಚುಕಡಿಮೆಯಾದರೆ ಆಕಾಶವೇನು ಕಳಚಿ ಬೀಳುತ್ತದೆಯೇ? ಇನ್ನೊಂದು ಸಿನಿಮಾ ನೋಡಿದರಾಯಿತು. ಕೂತವರಿಗೆ ಇದು ಸರಿ, ಹಾರಿಸುವವರಿಗೆ ಅಲ್ಲ. ಇಷ್ಟು ದೂರ ಹೋಗುವ ವಿಮಾನ ನೆಲ ಬಿಡುವಾಗ ಅದರ ತೂಕದ ಐದರಲ್ಲಿ ಎರಡು ಪಾಲಿನಷ್ಟು ಇಂಧನವೇ ಇರುತ್ತದೆ. ಒಂದು ಗಂಟೆ ಹೆಚ್ಚು ಹಾರಲು ಹೆಚ್ಚು ಇಂಧನ, ಆ ಇಂಧನವನ್ನು ಹೊರಲು ಮತ್ತಷ್ಟು ಇಂಧನ. ವಿಮಾನ ಹೊರಬಹುದಾದ ತೂಕಕ್ಕೆ ಮಿತಿ ಇರುವುದರಿಂದ ಇಳಿಸಬೇಕಾದದ್ದು ಪ್ರಯಾಣಿಕರನ್ನು ಅಥವಾ ಸರಕನ್ನು. ಬೆಂಗಳೂರಿಗೆ ಇನ್ನೊಂದು ಅಡಚಣೆಯಿದೆ. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಮಧ್ಯಾಹ್ನದ ಬಿಸಿ, ತೆಳುವಾದ ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ. ತಾಕತ್ತಿನ ಅಂಚಿನಲ್ಲೇ ಹಾರುವ ದಾರಿಗೆ ಎರಡು ಗಂಟೆ ಸೇರಿದರೆ ಪ್ರಯಾಣ ಉದ್ದವಾಗುವ ಮೊದಲೇ ಪ್ರಯಾಣವೇ ಇಲ್ಲವಾಗುತ್ತದೆ. 2019ರ ಫೆಬ್ರುವರಿಯಲ್ಲಿ ಬಾಲಾಕೋಟ್ ದಾಳಿಯ ನಂತರ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಇಸ್ತಾಂಬುಲ್‌ಗೆ ನೇರ ಹೋಗಬೇಕಿದ್ದ ಇಂಡಿಗೋ ವಿಮಾನ ದೋಹಾದಲ್ಲಿ ಇಳಿದು ಇಂಧನ ತುಂಬಿಸಬೇಕಾಯಿತು. ಸರ್ಕಾರ ರಾಜ್ಯಸಭೆಗೆ ಕೊಟ್ಟ ಲೆಕ್ಕದ ಪ್ರಕಾರ ಜುಲೈ 2ರ ಹೊತ್ತಿಗೆ ಏರ್ ಇಂಡಿಯಾ ಒಂದಕ್ಕೇ ಆದ ನಷ್ಟ 491 ಕೋಟಿ ರೂಪಾಯಿ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಹತ್ಯಾಕಾಂಡದ ಬೆನ್ನಿಗೆ ಆ ಆಕಾಶ ಮತ್ತೆ ಮುಚ್ಚಿತು. ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ವಿಯೆನ್ನಾದಲ್ಲಿ ತಂಗುವಂತಾಯಿತು. ಅದೇ ವರ್ಷ ಸೆಪ್ಟೆಂಬರಿನಿಂದ ದೆಹಲಿ–ವಾಷಿಂಗ್ಟನ್ ಹಾರಾಟ ನಿಂತಿತು. ಅದಕ್ಕೆ ಏರ್ ಇಂಡಿಯಾ ಕೊಟ್ಟ ಕಾರಣಗಳಲ್ಲಿ ಒಂದು ವಿಮಾನಗಳ ಕೊರತೆ, ಇನ್ನೊಂದು ಈ ಆಕಾಶ. ದಕ್ಷಿಣದವರಾದ ನಮಗೆ ಇದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ, ಬೆಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಅರಬ್ಬಿ ಸಮುದ್ರದ ಮೇಲೆಯೇ ದಾರಿಯಿದೆ.

ಎರಡನೆಯ ಆಕ್ಷೇಪ ತಂತ್ರಜ್ಞಾನವನ್ನು ನಂಬುವವರದ್ದು: ಇಂದಿನ ಅಡ್ಡಿಗಳು ಇಂದಿನ ವಿಮಾನಗಳ ಮಿತಿ, ನಾಳೆಯ ವಿಮಾನ ಇವನ್ನೆಲ್ಲ ಮೀರುತ್ತದೆ. ಇದರಲ್ಲಿ ತಕ್ಕಮಟ್ಟಿಗೆ ಸತ್ಯವಿದೆ, ಇತಿಹಾಸವೂ ಅದನ್ನು ಒಪ್ಪುತ್ತದೆ. 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ಚೀಲ ಹೊತ್ತು ತಂದಾಗ, ಅಲ್ಲಿಂದ ಅದನ್ನು ಮದರಾಸಿಗೆ ಒಯ್ದ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯಲ್ಲಿ ಇಳಿಯಬೇಕಾಗಿತ್ತು. ಮುಂಬಯಿ–ಮದರಾಸು ನಡುವೆ ಸಾವಿರ ಕಿಲೋಮೀಟರಷ್ಟೇ ಇದ್ದರೂ ಆ ಪುಟ್ಟ ವಿಮಾನಕ್ಕೆ ಅದು ಒಂದೇ ಉಸಿರಿನ ದಾರಿಯಾಗಿರಲಿಲ್ಲ. ಇಂದು ಬಳ್ಳಾರಿಯಲ್ಲಿ ಇಳಿದು ಚೆನ್ನೈಗೆ ಹೋಗುವವರಿಲ್ಲ. ಆದರೆ ಎಂಜಿನ್ನು ಬೆಳೆದಷ್ಟೂ ಒಪ್ಪಿಗೆಯ ಅಗತ್ಯ ಕಡಿಮೆಯಾಗುತ್ತದೆ ಎಂಬುದನ್ನು ಕಾಂಕಾರ್ಡ್ ಸುಳ್ಳು ಮಾಡಿತು. ಶಬ್ದದ ಎರಡು ಪಟ್ಟು ವೇಗದ ಆ ವಿಮಾನ 1977ರ ಡಿಸೆಂಬರಿನಲ್ಲಿ ಲಂಡನ್‌ನಿಂದ ಬಹ್ರೇನ್ ಮೂಲಕ ಸಿಂಗಪುರಕ್ಕೆ ಹಾರತೊಡಗಿತು. ನೆಲದ ಮೇಲೆ ಗುಡುಗಿನಂಥ ಸದ್ದು ಬೀಳುತ್ತದೆಂದು ಭಾರತ ತನ್ನ ನೆಲದ ಮೇಲೆ ಆ ವೇಗಕ್ಕೆ ಒಪ್ಪಲಿಲ್ಲ. ಮಲೇಷ್ಯಾ ಮಲಾಕ್ಕಾ ಜಲಸಂಧಿಯ ಮೇಲೆ ಆಕ್ಷೇಪ ಎತ್ತಿತು, ಬೆರಳೆಣಿಕೆಯ ಹಾರಾಟಗಳಾಗುವಷ್ಟರಲ್ಲಿ ಸೇವೆ ನಿಂತಿತು. 1979ರಲ್ಲಿ ಮತ್ತೆ ಶುರುವಾಗಿ 1980ಕ್ಕೆ ಪೂರ್ತಿ ಮುಗಿಯಿತು. ಮನುಷ್ಯ ಕಟ್ಟಿದ ಅತಿ ವೇಗದ ಪ್ರಯಾಣಿಕ ವಿಮಾನಗಳಲ್ಲಿ ಒಂದು, ಕೆಳಗಿರುವವರು ಬೇಡವೆಂದದ್ದರಿಂದ ನಿಧಾನವಾಯಿತು. ಈಗ ಆಸ್ಟ್ರೇಲಿಯಾದ ಕ್ವಾಂಟಾಸ್ ಸಿಡ್ನಿಯಿಂದ ಲಂಡನ್‌ಗೆ ಇಪ್ಪತ್ತು ಗಂಟೆ ನಿಲ್ಲದೆ ಹಾರುವ ಏರ್‌ಬಸ್ ವಿಮಾನಗಳಿಗೆ ಸಿದ್ಧತೆ ನಡೆಸಿದೆ. ಹೆಚ್ಚು ದೂರ ಹಾರುವ ವಿಮಾನ ಹೆಚ್ಚು ದೇಶಗಳ ಮೇಲೆ ಹಾಯುತ್ತದೆ. ಕೇಳಬೇಕಾದ ಒಪ್ಪಿಗೆಗಳ ಪಟ್ಟಿ ಉದ್ದವಾಗುವುದೇ ಹೊರತು ಗಿಡ್ಡವಾಗುವುದಿಲ್ಲ.

ಮೂರನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಸೈಬೀರಿಯಾ, ಧ್ರುವ ಎಲ್ಲ ಹಾಗಿರಲಿ, ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿ ಮುಟ್ಟುವುದೇ ಒಂದು ಪ್ರವಾಸವಲ್ಲವೇ ಎಂದು ಬೆಂಗಳೂರಿನ ಯಾರಾದರೂ ಕೇಳಿಯಾರು. ಹತ್ತಿರದ ಊರುಗಳ ವಿಷಯದಲ್ಲಿ ಇದು ಪೂರ್ತಿ ನಿಜ. ದೇವನಹಳ್ಳಿಯಿಂದ ಮಂಗಳೂರಿನ ಬಜ್ಪೆಗೆ ದಾರ ಎಳೆದರೆ ಬರೇ 305 ಕಿಲೋಮೀಟರ್, ಟಿಕೆಟ್ಟಿನ ಮೇಲೆ ಒಂದು ಗಂಟೆ ಚಿಲ್ಲರೆ. ಅದರಲ್ಲೂ ನೆಲದ ಮೇಲೆ ಉರುಳುವ, ಸರದಿಗೆ ಕಾಯುವ ಹೊತ್ತು ಕಳೆದರೆ ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆ. ಜಯನಗರದ ಮನೆಯಿಂದ ಬಂಟ್ವಾಳದ ಮನೆಗೆ ಹೋಗುವವರಿಗೆ ಎರಡೂ ತುದಿಯ ರಸ್ತೆ, ತಪಾಸಣೆ, ಸಾಮಾನಿನ ಪಟ್ಟಿಯ ಮುಂದೆ ನಿಲ್ಲುವುದು ಎಲ್ಲ ಕೂಡಿಸಿದರೆ ಐದು ಗಂಟೆ ಸುಲಭವಾಗಿ ಆಗುತ್ತದೆ. ಶಿರಾಡಿ ಘಾಟಿಯ ಮಣ್ಣು ಜರಿಯದಿದ್ದರೆ ರಾತ್ರಿ ಬಸ್ಸು ಏಳೆಂಟು ಗಂಟೆಯಲ್ಲಿ ಮುಟ್ಟಿಸುತ್ತದೆ, ನಿದ್ದೆಯೂ ಆಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 57 ಸುರಂಗ ನುಗ್ಗಿ 55 ಕಿಲೋಮೀಟರ್ ತೆವಳುವ ರೈಲು ಇನ್ನೂ ನಿಧಾನ, ನೋಟ ಮಾತ್ರ ವಿಮಾನದವರಿಗೆ ಸಿಗದ್ದು. ಹಾಗಾದರೆ ಇಲ್ಲಿ ಆಕಾಶದ ರಾಜಕೀಯಕ್ಕೆ ಕೆಲಸವಿಲ್ಲ, ದೂರವೆಂದರೆ ನೆಲದ ದೂರವೇ ಎಂದು ಒಪ್ಪಿಬಿಡಬಹುದು.

ಆದರೆ ಆ ನೆಲದ ದೂರ ಎಲ್ಲಿಂದ ಬಂತು? 2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳು ಹೊರಡುತ್ತಿದ್ದುದು ಎಚ್ಎಎಲ್ ನಿಲ್ದಾಣದಿಂದ, ಎಂ.ಜಿ. ರಸ್ತೆಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಹೊಸ ನಿಲ್ದಾಣ ನಗರದ ನಡುವಿನಿಂದ ಮೂವತ್ತೈದು ಕಿಲೋಮೀಟರ್ ಆಚೆ ತೆರೆಯಿತು, ಹಳೆಯದು ನಾಗರಿಕ ವಿಮಾನಗಳಿಗೆ ಮುಚ್ಚಿತು. ಎಚ್ಎಎಲ್‌ನ ರನ್‌ವೇ ಬಿರುಕು ಬಿಟ್ಟಿರಲಿಲ್ಲ. ವಾಯುಪಡೆಯವರೂ ಖಾಸಗಿ ವಿಮಾನದವರೂ ಇಂದಿಗೂ ಅದನ್ನು ಬಳಸುತ್ತಾರೆ. ಹೊಸ ನಿಲ್ದಾಣ ಕಟ್ಟುವ ಕಂಪನಿಯೊಂದಿಗೆ ಕೇಂದ್ರ ಸರ್ಕಾರ 2004ರಲ್ಲಿ ಮಾಡಿಕೊಂಡ ಒಪ್ಪಂದವೇ ಅದನ್ನು ಮುಚ್ಚಿಸಿತು. ಹಣ ಹೂಡುವವರಿಗೆ ಗಿರಾಕಿಗಳ ಭರವಸೆ ಬೇಕಿತ್ತು. ಹಾಗಾಗಿ ನಿಲ್ದಾಣ ತೆರೆದ ದಿನದಿಂದ 25 ವರ್ಷ, 150 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮೈಸೂರು ಮತ್ತು ಹಾಸನ ಬಿಟ್ಟು ಬೇರೆ ಅಂತಾರಾಷ್ಟ್ರೀಯ ನಿಲ್ದಾಣ ಬರುವಂತಿಲ್ಲ ಎಂದು ಬರೆದುಕೊಂಡರು. ಹೂಡಿಕೆದಾರರ ದೃಷ್ಟಿಯಿಂದ ಅದು ತಪ್ಪೆಂದು ನಾನು ಹೇಳಲಾರೆ. ಆ ಷರತ್ತು ಇಲ್ಲದಿದ್ದರೆ ಬಹುಶಃ ಯಾರೂ ದುಡ್ಡು ಹಾಕುತ್ತಿರಲಿಲ್ಲ. ಪರಿಣಾಮವನ್ನು ಮಾತ್ರ ಬೊಮ್ಮಸಂದ್ರದಿಂದ ಬೆಳಗಿನ ಜಾವ ಎರಡಕ್ಕೆ ಎದ್ದು ಕ್ಯಾಬ್ ಹಿಡಿಯುವವರು ದಿನವೂ ಅನುಭವಿಸುತ್ತಾರೆ. ಅವರ ಐವತ್ತು ಚಿಲ್ಲರೆ ಕಿಲೋಮೀಟರ್ ಬಂದದ್ದು ಒಂದು ಕರಾರಿನ ವಾಕ್ಯದಿಂದ.

ಹಾಗಾಗಿ ಈ ಆಕ್ಷೇಪ ನನ್ನ ವಾದವನ್ನು ಮುರಿಯುವ ಬದಲು ಅದನ್ನು ಆಕಾಶದಿಂದ ನೆಲಕ್ಕೆ ಇಳಿಸಿಕೊಡುತ್ತದೆ. ಈ ಕರಾರಿನ ವಾಕ್ಯಕ್ಕೆ ಈಗ ವಯಸ್ಸಾಗುತ್ತಿದೆ. 2024ರ ಜೂನಿನಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಹೊಸೂರಿನಲ್ಲಿ ಅಂತಾರಾಷ್ಟ್ರೀಯ ನಿಲ್ದಾಣ ಕಟ್ಟುತ್ತೇವೆ ಎಂದು ವಿಧಾನಸಭೆಯಲ್ಲಿ ಘೋಷಿಸಿದರು. ಹೊಸೂರು ಆ 150 ಕಿಲೋಮೀಟರಿನ ಒಳಗೇ ಇದೆ. ಕರ್ನಾಟಕ ಸರ್ಕಾರ ಬೆಂಗಳೂರಿನ ಎರಡನೆಯ ನಿಲ್ದಾಣಕ್ಕೆ ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲ–ಕುಣಿಗಲ್ ದಿಕ್ಕಿನಲ್ಲಿ ಒಂದು ಜಾಗ ಗುರುತಿಸಿ, 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡಕ್ಕೆ ತೋರಿಸಿತು. ಹೊಸೂರಿನಲ್ಲೇ ಆಗಲಿ, ಕನಕಪುರ ರಸ್ತೆಯಲ್ಲೇ ಆಗಲಿ ಹೊಸ ನಿಲ್ದಾಣ ಎದ್ದರೆ ದಕ್ಷಿಣ ಬೆಂಗಳೂರಿನವರಿಗೆ ಸ್ಯಾನ್ ಫ್ರಾನ್ಸಿಸ್ಕೋ ಒಂದು ಗಂಟೆಯಾದರೂ ಹತ್ತಿರವಾದೀತು, ದಾರದ ಉದ್ದ ಮಾತ್ರ ಒಂದಿಷ್ಟು ಹೆಚ್ಚಾದೀತು. ಕರಾರಿನ ಆ 25 ವರ್ಷ ಮುಗಿಯುವುದು 2033ರ ಮೇ ತಿಂಗಳಿನಲ್ಲಿ.